ಮೊಣಕಾಲು ಹೋಯಿತು. ಫುಟ್‌ಬಾಲ್‌ನಲ್ಲಿ ಫಾರ್ವರ್ಡ್ (ಮುಂದೆ ನಿಂತು ಗೋಲು ಹೊಡೆಯುವವ) ಆಗಿದ್ದವನು ಬ್ರೆಜಿಲ್‌ನ ಜಗಾಲೊ ಥರ ನೇರವಾಗಿ ಕೋಚ್ ಆಗಬಹುದಾ?

ಆಗಬಹುದು. ಆದರೆ ನೀವು ಜಗಾಲೊ ಅವರ ಅರ್ಧ ಕಥೆಯನ್ನು ಮಾತ್ರ ಹಿಡಿದುಕೊಂಡಿದ್ದೀರಿ. ನಾನೂ ಹಾಗೇ ಮಾಡಿದ್ದೆ.

ಬೆಂಗಳೂರಿನ ಲೀಗ್‌ನಲ್ಲಿ ನಾನು ಎಡ ವಿಂಗ್‌ನಲ್ಲಿ, ಅಂದರೆ ಮೈದಾನದ ಎಡ ಅಂಚಿನಲ್ಲಿ ಮುಂದೆ, ಆಡುತ್ತಿದ್ದೆ. ಕಾಲು ಕೈಕೊಟ್ಟ ಮೇಲೆ ಒಂದು ಕ್ಲಬ್‌ನವರು ಹದಿನಾರು ವರ್ಷದೊಳಗಿನ ಹುಡುಗರನ್ನು ನನಗೆ ಒಪ್ಪಿಸಿದರು. ಒಂದು ನಾಕೌಟ್ ಪಂದ್ಯ. 1-0ಯಿಂದ ಮುಂದಿದ್ದೆವು. ಎದುರು ತಂಡದ ಬಲ ವಿಂಗರ್ ಜೊತೆ ಅವರ ಬ್ಯಾಕ್ (ಹಿಂದೆ ನಿಂತು ಗೋಲು ತಡೆಯುವವ) ಕೂಡ ಮೇಲೆ ನುಗ್ಗತೊಡಗಿದ. ನಮ್ಮ ಲೆಫ್ಟ್ ಬ್ಯಾಕ್ ಒಬ್ಬನೇ, ಅವರು ಇಬ್ಬರು. ಇದನ್ನು ನೋಡಿ ನಮ್ಮ ಎಡ ವಿಂಗರ್ ತಾನಾಗಿಯೇ ಕೆಳಗೆ ಓಡಿ ಬಂದ. ನಾನು ಕೂಗಿ ವಾಪಸ್ ಮೇಲೆ ಕಳಿಸಿದೆ. ಮತ್ತೆ ಬಂದ, ಮತ್ತೆ ಕಳಿಸಿದೆ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುತ್ತೀರಿ. ಫಾರ್ವರ್ಡ್‌ನ ಉಸಿರು ಗೋಲಿಗೆ ಮೀಸಲು ಅಂತ ನಾನು ನಂಬಿದ್ದೆ. ಹುಡುಗ ಮೇಲಿದ್ದರೆ ಕೌಂಟರ್‌ನಲ್ಲಿ, ಅಂದರೆ ಚೆಂಡು ಕಸಿದ ತಕ್ಷಣದ ದಾಳಿಯಲ್ಲಿ, ಎರಡನೇ ಗೋಲು ಬರುತ್ತದೆ ಅಂದುಕೊಂಡೆ. ಆದರೆ ಕೌಂಟರ್ ಮಾಡಲು ಮೊದಲು ಚೆಂಡು ನಮ್ಮ ಕಾಲಿಗೆ ಬರಬೇಕಲ್ವಾ? ಆ ಮೂಲೆಯಲ್ಲಿ ನಮಗೆ ಆಳೇ ಕಡಿಮೆ. ಚೆಂಡು ಸಿಗುವುದು ಹೇಗೆ? ಮೇಲೆ ನಿಂತ ಹುಡುಗ ಬಾರದ ಪಾಸ್‌ಗೆ ಕಾಯುತ್ತಿದ್ದ. ಅದೇ ಮೂಲೆಯಿಂದ ನಮ್ಮ ಗೋಲಿನ ಮುಂದಕ್ಕೆ ಎರಡು ಕ್ರಾಸ್, ಎರಡು ಗೋಲು. ಹುಡುಗರು ಸುಸ್ತಾಗಿರಲಿಲ್ಲ, ರೆಫರಿ ಮೋಸ ಮಾಡಿರಲಿಲ್ಲ. ಸರಿಯಾಗಿ ಯೋಚಿಸಿದ್ದ ಒಬ್ಬ ಹುಡುಗನನ್ನು ನಾನೇ ತಡೆದಿದ್ದೆ. ಮುಂದಿನ ಸೀಸನ್‌ಗೆ ಕ್ಲಬ್‌ನವರು ನನ್ನನ್ನು ಕರೆಯಲಿಲ್ಲ.

ಆಮೇಲೆ ಜಗಾಲೊ ಅವರ ಬಗ್ಗೆ ಸರಿಯಾಗಿ ಓದಿದೆ. ನಾಚಿಕೆಯಾಯಿತು. ಅವರು ಮೊದಲು ಇನ್‌ಸೈಡ್ ಫಾರ್ವರ್ಡ್, ಅಂದರೆ ಅಂಚಿಗಿಂತ ಒಳಗೆ ಆಡುವ ಫಾರ್ವರ್ಡ್. ಆ ಜಾಗಕ್ಕೆ ಬ್ರೆಜಿಲ್‌ನಲ್ಲಿ ಪೈಪೋಟಿ ಜಾಸ್ತಿ ಅಂತ ಎಡ ವಿಂಗ್‌ಗೆ ಹೋದರು. ಅಲ್ಲೂ ಸುಮ್ನೆ ಮುಂದೆ ನಿಲ್ಲಲಿಲ್ಲ. ಚೆಂಡು ಕೈತಪ್ಪಿದ ಕೂಡಲೇ ಮಿಡ್‌ಫೀಲ್ಡ್‌ಗೆ ಇಳಿದು ಬರುತ್ತಿದ್ದರು. ಮುಂದೆ ನಾಲ್ವರನ್ನು ನಿಲ್ಲಿಸಿ ಆಡುತ್ತಿದ್ದ ತಂಡಕ್ಕೆ ಬೇಕಾದಾಗ ಮಧ್ಯದಲ್ಲಿ ಮೂರನೇ ಆಳು ಸಿಕ್ಕಿದ್ದು ಅವರಿಂದ. 1958ರ ವಿಶ್ವಕಪ್ ಫೈನಲ್‌ನಲ್ಲಿ ಸ್ವೀಡನ್ ವಿರುದ್ಧ ಬ್ರೆಜಿಲ್ 5-2ರಿಂದ ಗೆದ್ದಾಗ ಬ್ರೆಜಿಲ್‌ನ ನಾಲ್ಕನೇ ಗೋಲು ಅವರದ್ದೇ. ಅಂದರೆ ಹಿಂದೆ ಓಡಿದವನು ಮುಂದೆ ಗೋಲು ಹೊಡೆಯಲಾರ ಅನ್ನುವುದು ಸುಳ್ಳು. 1962ರಲ್ಲಿ ಚಿಲಿಯಲ್ಲೂ ಕಪ್ ಗೆದ್ದ ತಂಡದಲ್ಲಿದ್ದರು.

ಇನ್ನು ನಿಮ್ಮ ‘ನೇರವಾಗಿ ಕೋಚ್’ ಅನ್ನುವ ಮಾತು. ಅವರು ಶುರು ಮಾಡಿದ್ದು ಬೊಟಾಫೋಗೊ ಕ್ಲಬ್‌ನ ಕಿರಿಯರ ತಂಡದಿಂದ. 1970ರ ವಿಶ್ವಕಪ್‌ಗೆ ಮೂರು ತಿಂಗಳೂ ಇಲ್ಲದಿದ್ದಾಗ ಆಗಿನ ಕೋಚ್ ಸಲ್ದಾನಾ ಅವರನ್ನು ತೆಗೆದು ರಾಷ್ಟ್ರೀಯ ತಂಡವನ್ನು ಇವರಿಗೆ ಕೊಟ್ಟರು. ಪೆಲೆ, ಟೊಸ್ಟಾವೊ, ಜೆರ್ಸನ್, ಜೈರ್‌ಜಿನೊ, ರಿವೆಲಿನೊ ಎಲ್ಲರೂ ದಾಳಿಯ ಕಡೆಗೇ ಒಲವಿದ್ದ ದೊಡ್ಡ ಆಟಗಾರರು. ಇಷ್ಟೂ ಜನ ಒಟ್ಟಿಗೆ ಆಡಿದರೆ ಹಿಂದೆ ಯಾರಿರುತ್ತಾರೆ? ಜಗಾಲೊ ಐವರನ್ನೂ ಆಡಿಸಿದರು. ಎಡಗಡೆ ರಿವೆಲಿನೊ ಅವರನ್ನು ಹಾಕಿ, ತಾವು ಹಿಂದೆ ಮಾಡುತ್ತಿದ್ದ ಕೆಲಸವನ್ನೇ ಅವರಿಗೆ ಕೊಟ್ಟರು. ಮಿಡ್‌ಫೀಲ್ಡರ್ ಪಿಯಾಜಾ ಅವರನ್ನು ಡಿಫೆನ್ಸ್‌ಗೆ ಇಳಿಸಿದರು. ಚೆಂಡು ಕಳೆದುಕೊಂಡರೆ ಟೊಸ್ಟಾವೊ ಒಬ್ಬರನ್ನು ಬಿಟ್ಟು ಎಲ್ಲರೂ ಕೆಳಗೆ, ಪೆಲೆ ಕೂಡ! ಆರು ಪಂದ್ಯ, ಆರೂ ಗೆಲುವು. ಫೈನಲ್‌ನಲ್ಲಿ ಇಟಲಿ ವಿರುದ್ಧ 4-1. ಆಟಗಾರನಾಗಿಯೂ ಕೋಚ್ ಆಗಿಯೂ ವಿಶ್ವಕಪ್ ಗೆದ್ದ ಮೊದಲಿಗರು ಜಗಾಲೊ. ಪೆಲೆಗೆ ಕೆಳಗೆ ಬಾ ಅನ್ನಲು ಅವರಿಗೆ ಬಾಯಿ ಬಂದಿದ್ದು ತಾವೇ ಹಾಗೆ ಓಡಿದ್ದರಿಂದ ಅಂತ ನನ್ನ ನಂಬಿಕೆ.

ಸೋಲನ್ನೂ ಕಂಡರು. 1974ರಲ್ಲಿ ನೆದರ್ಲೆಂಡ್ಸ್ ಎದುರು 0-2, ಕೊನೆಗೆ ನಾಲ್ಕನೇ ಸ್ಥಾನ. ಆಮೇಲೆ ಕುವೈತ್, ಸೌದಿ ಅರೇಬಿಯಾ ತಂಡಗಳಿಗೂ ಹೋಗಿ ಕಲಿಸಿದರು. 1994ರಲ್ಲಿ ಬ್ರೆಜಿಲ್ ಕೋಚ್ ಪರೇರಾ ಅವರ ಜೊತೆ ನಿಂತು ಮತ್ತೊಂದು ಕಪ್. 1998ರಲ್ಲಿ ಮತ್ತೆ ತಾವೇ ಕೋಚ್, ಫೈನಲ್‌ನಲ್ಲಿ ಫ್ರಾನ್ಸ್ ಎದುರು 0-3.

ಹಾಗಾಗಿ ಫಾರ್ವರ್ಡ್‌ಗಳು ಒಳ್ಳೆ ಕೋಚ್ ಆಗಲ್ಲ ಅನ್ನುವವರ ಮಾತು ಬಿಡಿ. ಚೆಂಡು ನಿಮ್ಮ ಹತ್ತಿರ ಇಲ್ಲದಾಗ ನೀವು ಏನು ಮಾಡುತ್ತಿದ್ದಿರಿ, ಅದನ್ನು ನೆನಪು ಮಾಡಿಕೊಳ್ಳಿ. ನಿಂತು ನೋಡುತ್ತಿದ್ದೆ ಅನ್ನುವುದಾದರೆ ಕೋಚ್‌ಗಳ ಡಿ ಲೈಸೆನ್ಸ್ (ಆರಂಭಿಕ ಹಂತದ ಪರವಾನಗಿ) ಕೋರ್ಸ್‌ಗೆ ಈಗಲೇ ದುಡ್ಡು ಕಟ್ಟಬೇಡಿ. ನಿಮಗೆ ಗೊತ್ತಿರುವ ಯಾವುದಾದರೂ ಚಿಕ್ಕ ಹುಡುಗರ ತಂಡಕ್ಕೆ ಹೋಗಿ, ಒಂದು ಸೀಸನ್ ಪೂರ್ತಿ ಬ್ಯಾಕ್‌ಗಳಿಗೆ ಮಾತ್ರ ಕಲಿಸುತ್ತೇನೆ ಅಂತ ಹೇಳಿ. ಸಂಬಳ ಕೇಳಬೇಡಿ. ಕೋರ್ಸ್‌ಗೆ ಆಮೇಲೆ ಸೇರಿದರಾಯಿತು.