ಲೊರೆಂಜೊ ಎಣ್ಣೆಯ ಜೊತೆಗೆ ಇನ್ನೆಷ್ಟು ಎಣ್ಣೆ?

ಗದಗ ಜಿಲ್ಲೆಯ ತಾಯಿಯೊಬ್ಬರ ಪತ್ರ: "ಎಂಟು ವರ್ಷದ ಮಗನಿಗೆ ಅಡ್ರಿನೊಲ್ಯುಕೊಡಿಸ್ಟ್ರೋಫಿ (ಮಿದುಳು, ಅಡ್ರಿನಲ್ ಗ್ರಂಥಿಗಳಿಗೆ ಹಾನಿ ಮಾಡುವ ಆನುವಂಶಿಕ ಕಾಯಿಲೆ). ಎಂಆರ್‌ಐ ಇನ್ನೂ ಚೆನ್ನಾಗಿದೆ. ವೈದ್ಯರು ಹೇಳಿದಂತೆ ಲೊರೆಂಜೊ ಎಣ್ಣೆ (ಈ ಕಾಯಿಲೆಗೆಂದೇ ಮಾಡಿದ ಎಣ್ಣೆ ಮಿಶ್ರಣ) ಕೊಡುತ್ತ ಒಂದು ವರ್ಷವಾಯಿತು. ಈಗ ಚರ್ಮ ಒಣಗಿ ಹೊಟ್ಟೇಳುತ್ತಿದೆ, ಪ್ಲೇಟ್‌ಲೆಟ್ ಇಳಿದಿದೆ. ಅಗಸೆ, ಕುಸುಬೆ, ಮೀನೆಣ್ಣೆ ಮೂರನ್ನೂ ಕೊಡು ಎನ್ನುತ್ತಾಳೆ ತಂಗಿ, ಅವಳೂ ಇಬ್ಬರು ಗಂಡುಮಕ್ಕಳ ತಾಯಿ. ಎಷ್ಟೆಷ್ಟು ಕೊಡಲಿ? ಶೇಂಗಾ ಹೋಳಿಗೆ ಬೇಕೆಂದು ಅಳುತ್ತಾನೆ, ಕೊಡಬಹುದೇ?"

ತಾಯಿ, ಮೊದಲು ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳ ಮಾತು. ಆ ವರದಿ ವೈದ್ಯರ ಕೈಸೇರಿದೆಯೋ ಇಲ್ಲವೋ ನೀವು ಬರೆದಿಲ್ಲ. ಸೇರಿಲ್ಲವಾದರೆ ಇವತ್ತೇ ಫೋನ್ ಮಾಡಿ. ಲೊರೆಂಜೊ ಎಣ್ಣೆ ತೆಗೆದುಕೊಳ್ಳುವ ಅನೇಕರಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ಪ್ರಮಾಣ ತಗ್ಗಿಸಬೇಕೋ, ಕೆಲಕಾಲ ನಿಲ್ಲಿಸಬೇಕೋ ಅವರೇ ಹೇಳಬೇಕು. ಅಲ್ಲಿಯವರೆಗೆ ಮೀನೆಣ್ಣೆಯನ್ನು ನೀವಾಗಿಯೇ ಶುರು ಮಾಡಬೇಡಿ; ಹೆಚ್ಚು ಕೊಟ್ಟರೆ ಅದೂ ರಕ್ತ ಹೆಪ್ಪುಗಟ್ಟುವುದನ್ನು ನಿಧಾನಗೊಳಿಸಬಹುದು.

ಚರ್ಮ ಯಾಕೆ ಒಣಗಿತು? ಈ ಕಾಯಿಲೆಯಲ್ಲಿ ಎಬಿಸಿಡಿ1 ಎಂಬ ಜೀನ್ ಕೆಟ್ಟಿರುತ್ತದೆ. ಹಾಗಾಗಿ 26 ಇಂಗಾಲಗಳಷ್ಟು ಉದ್ದದ ಕೊಬ್ಬಿನಾಮ್ಲ ಕರಗದೆ ರಕ್ತದಲ್ಲಿ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ, ಮಿದುಳಿನಲ್ಲಿ ಸೇರಿಕೊಳ್ಳುತ್ತದೆ. ಅದರ ಬಹುಪಾಲು ಊಟದಿಂದ ಬರುವುದಲ್ಲ, ದೇಹವೇ ತಯಾರಿಸುವುದು. ಬರೀ ಪಥ್ಯದಿಂದ ಅದು ಇಳಿಯದಿರುವುದನ್ನು ಕಂಡೇ ಅಮೆರಿಕದ ಓಡೋನೆ ದಂಪತಿ 1980ರ ದಶಕದಲ್ಲಿ ಮಗ ಲೊರೆಂಜೊಗಾಗಿ ಈ ಮಿಶ್ರಣದ ಬೆನ್ನು ಹತ್ತಿದ್ದು: ನಾಲ್ಕು ಪಾಲು ಓಲಿಯಿಕ್, ಒಂದು ಪಾಲು ಎರುಸಿಕ್ ಎಂಬ ಕೊಬ್ಬಿನಾಮ್ಲ. ಉದ್ದ ಸರಪಳಿ ಹೆಣೆಯುವ ಕಿಣ್ವವನ್ನು ಇವು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ಅದರ ಜೊತೆ ಬೇರೆ ಕೊಬ್ಬಿಗೆಲ್ಲ ಕಡಿವಾಣ ಬೀಳುವುದರಿಂದ, ದೇಹ ತಾನೇ ತಯಾರಿಸಲಾರದ ಲಿನೋಲಿಯಿಕ್, ಆಲ್ಫಾ ಲಿನೋಲೆನಿಕ್ ಆಮ್ಲಗಳು ಕೊರತೆಯಾಗುತ್ತವೆ. ರಕ್ತದಲ್ಲಿ ಡಿಎಚ್‌ಎ (ಮೀನೆಣ್ಣೆಯಲ್ಲಿರುವ, ಮಿದುಳಿಗೆ ಬೇಕಾದ ಕೊಬ್ಬಿನಾಮ್ಲ) ಕೂಡ ಇಳಿಯುತ್ತದೆ. ಚರ್ಮ ಹೊಟ್ಟೇಳುವುದಕ್ಕೆ ಈ ಕೊರತೆ ಕಾರಣವಿರಬಹುದು.

ಹಾಗೆಂದು ಮೂರನ್ನೂ ಸುರಿದರೆ ಸರಿಹೋಗದು. ಕುಸುಬೆ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್. ಅಗಸೆ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಆಲ್ಫಾ ಲಿನೋಲೆನಿಕ್. ಎರಡನ್ನೂ ಮುಂದಿನ ರೂಪಕ್ಕೆ ಒಯ್ಯುವ ಕಿಣ್ವ ಒಂದೇ. ಕುಸುಬೆ ಅತಿಯಾದರೆ ಅಗಸೆಯ ಸರದಿ ತಪ್ಪುತ್ತದೆ. ಸರದಿ ಸಿಕ್ಕರೂ ಅಗಸೆಯಿಂದ ಡಿಎಚ್‌ಎ ಆಗುವುದು ಅತ್ಯಲ್ಪ. ಬೇಕಾದರೆ ಅದನ್ನು ಬೇರೆಯಾಗಿಯೇ ಕೊಡುತ್ತಾರೆ. ಚಮಚದ ಲೆಕ್ಕ ನಾನು ಬರೆಯಲಾರೆ. ರಕ್ತದ ಕೊಬ್ಬಿನಾಮ್ಲ ಪರೀಕ್ಷೆ, ಮಗುವಿನ ತೂಕ, ದಿನದ ಕ್ಯಾಲೊರಿ ಇವನ್ನು ನೋಡಿಯೇ ಆಹಾರತಜ್ಞರು ಅದನ್ನು ಬರೆಯಬೇಕು. ಒಂದು ಮಾತು ನೆನಪಿಡಿ: ಯಾವ ಎಣ್ಣೆ ಕೊಟ್ಟರೂ ಅದು ಅವನ ದಿನದ ಕೊಬ್ಬಿನ ಪಾಲಿನೊಳಗೇ ಇರಬೇಕು, ಮೇಲಿಂದ ಮೇಲೆ ಸೇರಿಸಬಾರದು. ಅಗಸೆ ಎಣ್ಣೆಯನ್ನು ಒಗ್ಗರಣೆಗೆ ಹಾಕಬೇಡಿ, ಕಾಯಿಸಿದರೆ ಕೆಡುತ್ತದೆ.

ಶೇಂಗಾ ಹೋಳಿಗೆ ಬೇಡ ಎನ್ನಲು ನನಗೂ ಸಂಕಟ. ಆದರೆ ಶೇಂಗಾದಲ್ಲಿ 22, 24 ಇಂಗಾಲದ ಉದ್ದ ಕೊಬ್ಬಿನಾಮ್ಲಗಳಿವೆ, ಈ ಪಥ್ಯಕ್ಕೆ ಅದು ಹೊಂದುವುದಿಲ್ಲ. ಕಡಲೆಬೇಳೆ ಹೂರಣದ ಹೋಳಿಗೆಯನ್ನು ಎಣ್ಣೆ ಕಡಿಮೆ ಹಾಕಿ ಬೇಯಿಸಿ, ಆಹಾರತಜ್ಞರಿಗೆ ಹೇಳಿ ಲೆಕ್ಕಕ್ಕೆ ಸೇರಿಸಿ.

ಚರ್ಮ ಒಣಗುವುದರ ಜೊತೆ ಕಪ್ಪಾಗುತ್ತಿದೆಯೇ, ಸುಸ್ತು, ವಾಂತಿ ಇದೆಯೇ ಎಂದೂ ನೋಡಿ. ಇದ್ದರೆ ಅದು ಎಣ್ಣೆಯ ವಿಷಯವಾಗಿರದೆ ಅಡ್ರಿನಲ್ ಗ್ರಂಥಿಯದಾಗಿರಬಹುದು. ತಡಮಾಡದೆ ಆ ಗ್ರಂಥಿಯ ಹಾರ್ಮೋನಾದ ಕಾರ್ಟಿಸಾಲ್ ಪರೀಕ್ಷೆ ಆಗಬೇಕು.

ರಕ್ತದಲ್ಲಿ ಉದ್ದ ಕೊಬ್ಬಿನಾಮ್ಲದ ಅಂಕಿ ಇಳಿದ ಮಾತ್ರಕ್ಕೆ ಮಿದುಳು ಸುರಕ್ಷಿತ ಎಂದುಕೊಳ್ಳಬೇಡಿ. ರೋಗಲಕ್ಷಣವಿಲ್ಲದ 89 ಹುಡುಗರಿಗೆ ಈ ಎಣ್ಣೆ ಕೊಟ್ಟು ನೋಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಅಂಕಿ ಚೆನ್ನಾಗಿ ಇಳಿದವರಲ್ಲಿ ಅಪಾಯ ಕಡಿಮೆ ಕಂಡಿತು, ಆದರೂ ಒಟ್ಟು 24 ಶೇಕಡಾ ಮಕ್ಕಳ ಎಂಆರ್‌ಐಯಲ್ಲಿ ಬದಲಾವಣೆ ಕಾಣಿಸಿಕೊಂಡಿತು. ಅದಕ್ಕೇ ಈ ವಯಸ್ಸಿನಲ್ಲಿ ಆರು ತಿಂಗಳಿಗೊಮ್ಮೆ ಎಂಆರ್‌ಐ ತಪ್ಪಿಸಬಾರದು. ಬದಲಾವಣೆ ಶುರುವಿನಲ್ಲೇ ಕಂಡರೆ ಅಸ್ಥಿಮಜ್ಜೆ ಕಸಿಗೆ ಅವಕಾಶವಿದೆ.

ಇನ್ನು ನಿಮ್ಮ ತಂಗಿಯ ಮಕ್ಕಳು. ಈ ಕಾಯಿಲೆ ಹೆಚ್ಚಾಗಿ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವಂಥದ್ದು. ಆ ಇಬ್ಬರು ಹುಡುಗರೂ ಈಗ ಆರೋಗ್ಯವಾಗಿಯೇ ಕಾಣಬಹುದು. ಆದರೂ ಇದೇ ತಿಂಗಳು ಅವರ ರಕ್ತ ಪರೀಕ್ಷೆ ಮಾಡಿಸಲು ಹೇಳಿ.