ಏಳು ಬಿಲ್ ಚೀಟಿಗಳ ಹಿಂಬದಿಯ ಪ್ರಶ್ನೆ

ಮುಂಬಯಿ ಬಳಿಯ ಡೊಂಬಿವಲಿಯ ಓದುಗರೊಬ್ಬರು ಹೋಟೆಲಿನ ಬಿಲ್ ಪುಸ್ತಕದಿಂದ ಹರಿದ ಏಳು ಚೀಟಿಗಳ ಹಿಂಬದಿಯಲ್ಲಿ, ಒಂದೊಂದಕ್ಕೂ ಸಂಖ್ಯೆ ಹಾಕಿ, ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕುವುದಿಲ್ಲ. ವಿದ್ಯಾರ್ಥಿವೇತನ ನಿಧಿಗೆ ನೆರವಾಗಿ ಎಂದು ಕಳೆದ ಸಂಚಿಕೆಯಲ್ಲಿ ನಾನು ಬರೆದ ಟಿಪ್ಪಣಿ ಅವರನ್ನು ಕೆರಳಿಸಿದೆ. ಪತ್ರದ ಮುಖ್ಯ ಭಾಗ ಇದು:

“ಇಪ್ಪತ್ತಾರು ವರ್ಷಗಳಿಂದ ಹೋಟೆಲಿನಲ್ಲಿದ್ದೇನೆ. ಮಗಳನ್ನು ಬಿ.ಕಾಂ. ಓದಿಸಿದೆ. ಈಗ ಅಂಧೇರಿಯ ಒಂದು ಕಚೇರಿಯಲ್ಲಿ ಅವಳಿಗೆ ತಿಂಗಳಿಗೆ 16,000 ರೂಪಾಯಿ. ನಮ್ಮ ಹೋಟೆಲಿನಲ್ಲಿ ದೋಸೆ ಹುಯ್ಯುವವನಿಗೆ ಅದಕ್ಕಿಂತ ಹೆಚ್ಚು ಸಂಬಳ, ಊಟ ವಸತಿ ಬೇರೆ. ಅವಳಿಗೆ ಎಂ.ಕಾಂ. ಮಾಡುವ ಆಸೆ ಇತ್ತು, ಸದ್ಯಕ್ಕೆ ಬೇಡ ಎಂದಿದ್ದೇನೆ. ಮಗ ಈಗ ಹನ್ನೆರಡನೆಯ ತರಗತಿ ಮುಗಿಸಿ ಎಂಜಿನಿಯರಿಂಗ್ ಎನ್ನುತ್ತಿದ್ದಾನೆ. ಏಜೆಂಟರೊಬ್ಬರು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೀಟು ಕೊಡಿಸುತ್ತಾರಂತೆ; 8 ಲಕ್ಷ ಸಾಲ ಮಾಡಬೇಕು. ಮಗಳೂ ಸಹಿ ಹಾಕುತ್ತಾಳೆ. ನನ್ನ ಭಾವ ಏಳನೆಯ ತರಗತಿ ಮುಗಿಸಿದವನಲ್ಲ, ಅವನಿಗೆ ಎರಡು ಹೋಟೆಲ್ ಇವೆ. ಓದಿದವರಲ್ಲೇ ಕೆಲಸವಿಲ್ಲದವರು ಜಾಸ್ತಿ ಎಂದು ನಿಮ್ಮ ಪತ್ರಿಕೆಯಲ್ಲೇ ಬಂದಿತ್ತು. ಹಾಗಿದ್ದ ಮೇಲೆ ಓದಿಸಿ ಓದಿಸಿ ಎಂದು ಬಡವರ ತಲೆ ಕೆಡಿಸುವುದು ಯಾಕೆ? ಪದವಿಯಿಂದ ಬಡತನ ಹೋಗುತ್ತದೆ ಎಂದು ಎದೆ ಮುಟ್ಟಿಕೊಂಡು ಹೇಳಿ ನೋಡೋಣ.”

ಮಾನ್ಯರೇ,

ಎದೆ ಮುಟ್ಟಿಕೊಂಡೇ ಹೇಳುತ್ತೇನೆ. ನನ್ನ ಬಡತನ ಪದವಿಯಿಂದಲೇ ಹೋಯಿತು. ಆದರೆ ಪದವಿಯೊಂದರಿಂದಲೇ ಹೋಯಿತೆಂದರೆ ನನ್ನ ಅಣ್ಣನಿಗೆ ದ್ರೋಹ ಬಗೆದಂತಾಗುತ್ತದೆ. ಆ ಕಥೆಯನ್ನು ಈ ಪುಟದಲ್ಲಿ ನಾನು ಇದುವರೆಗೆ ಬರೆದಿರಲಿಲ್ಲ. ನಿಮ್ಮ ಏಳು ಚೀಟಿಗಳು ಬರೆಸುತ್ತಿವೆ.

1974ರಲ್ಲಿ ಹದಿಮೂರರ ವಯಸ್ಸಿನಲ್ಲಿ ಕಾರ್ಕಳದ ಕಡೆಯಿಂದ ಬಂದು ಮುಂಬಯಿಯ ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಕಪ್ಪು ಬಸಿ ತೊಳೆಯಲು ನಿಂತೆ. ನನಗಿಂತ ಆರು ವರ್ಷ ದೊಡ್ಡವನಾದ ಅಣ್ಣ ಅಲ್ಲೇ ಒಳಗೆ ಒಲೆಯ ಮುಂದೆ ಇದ್ದ. ಸಂಜೆ ಕನ್ನಡ ರಾತ್ರಿ ಶಾಲೆ. ದಿನವಿಡೀ ಸೋಡಾ ಹಾಕಿದ ನೀರಿನಲ್ಲಿ ಕೈಯಿಟ್ಟು ಬೆರಳ ತುದಿಗಳು ನೆನೆದ ಅವಲಕ್ಕಿಯಂತಾಗಿರುತ್ತಿದ್ದವು. ಪೆನ್ನು ಹಿಡಿದರೆ ಜಾರುತ್ತಿತ್ತು, ಪುಸ್ತಕದ ಹಾಳೆ ಒದ್ದೆಯಾಗಿ ಮಸಿ ಹರಡುತ್ತಿತ್ತು. ಮೇಷ್ಟ್ರು ಬೈಯಲಿಲ್ಲ, ಮೊದಲ ಹತ್ತು ನಿಮಿಷ ಫ್ಯಾನಿನ ಕೆಳಗೆ ಅಂಗೈ ಮೇಲೆ ಮಾಡಿಕೊಂಡು ಕೂರು, ಆಮೇಲೆ ಬರೆಯುವೆಯಂತೆ ಎಂದರು. ನಮ್ಮ ತರಗತಿಯಲ್ಲಿ ಅರ್ಧದಷ್ಟು ಹುಡುಗರು ಹಾಗೇ ಕೂರುತ್ತಿದ್ದರು. ಹೊರಗಿನವರು ನೋಡಿದ್ದರೆ ಯಾವುದೋ ಪ್ರಾರ್ಥನೆ ಎಂದುಕೊಳ್ಳುತ್ತಿದ್ದರು.

ಹತ್ತನೆಯ ತರಗತಿಯ ಎಸ್.ಎಸ್.ಸಿ. ಆಯಿತು, ಬೆಳಗಿನ ಕಾಲೇಜಿನಲ್ಲಿ ಬಿ.ಕಾಂ. ಆಯಿತು. ನಾನು ಕಾಲೇಜಿಗೆ ಹೋದ ಬೆಳಗಿನ ಹೊತ್ತೇ ಕ್ಯಾಂಟೀನಿನಲ್ಲಿ ಗಿರಾಕಿ ಹೆಚ್ಚು. ಐದು ವರ್ಷ ನನ್ನ ಪಾಲಿನ ಬೆಳಗನ್ನೂ ಅಣ್ಣನೇ ದುಡಿದ. ಅವನಿಗೂ ರಾತ್ರಿ ಶಾಲೆಯ ದಾರಿ ಗೊತ್ತಿತ್ತು. ಇಬ್ಬರೂ ಹೋದರೆ ಊರಿಗೆ ದುಡ್ಡು ಕಳಿಸುವವರು ಯಾರು ಎಂಬ ಪ್ರಶ್ನೆಗೆ ಅವನು ಯಾರನ್ನೂ ಕೇಳದೆ ಉತ್ತರ ಹೇಳಿಕೊಂಡಿದ್ದ.

1984ರಲ್ಲಿ ಬ್ಯಾಂಕಿನ ಗುಮಾಸ್ತನಾದೆ. ನಾನು ಬುದ್ಧಿವಂತನಾಗಿದ್ದೆ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಈಗ ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು, 1980ರಲ್ಲಿ ಇನ್ನೂ ಆರು. ಶಾಖೆಗಳ ಮೇಲೆ ಶಾಖೆ ತೆರೆಯುತ್ತಿದ್ದ ಕಾಲ. ಲೆಜರ್ ಬರೆಯಲು ಜನ ಬೇಕಿತ್ತು. ನಾನು ಪದವಿ ಹಿಡಿದು ಹೊರಗೆ ಬಂದಾಗ ಎದುರಿಗೆ ಬಾಗಿಲು ತೆರೆದಿತ್ತು, ಅಷ್ಟೇ. ನಮ್ಮ ಕರಾವಳಿಯಲ್ಲಿ ಹುಟ್ಟಿ ಈ ಊರಿನ ಎಷ್ಟೋ ಕನ್ನಡಿಗರಿಗೆ ಅನ್ನ ಕೊಟ್ಟ ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಎಂಬ ನಾಲ್ಕು ಹೆಸರುಗಳಲ್ಲಿ ಇವತ್ತು ಫಲಕದ ಮೇಲೆ ಉಳಿದಿರುವುದು ಒಂದೇ. ಉಳಿದವು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಕರಗಿದವು. ನಿಮ್ಮ ಮಗಳು ಅದೇ ಬಿ.ಕಾಂ. ಹಿಡಿದು ಹೊರಬಂದಾಗ ಲೆಜರೂ ಇರಲಿಲ್ಲ, ಅದನ್ನು ಬರೆಯುವ ಕುರ್ಚಿಯೂ ಇರಲಿಲ್ಲ. ನಾನು ಅವಳಿಗಿಂತ ಜಾಣನಲ್ಲ, ಮುಂಚೆ ಹುಟ್ಟಿದವನು.

ಹಾಗೆಂದು ನೀವು ಕೊಟ್ಟ ಭಾವನವರ ಉದಾಹರಣೆಗೆ ತಲೆಯಾಡಿಸಲಾರೆ. ಹೋಟೆಲಿನಲ್ಲಿ ಕಪ್ಪು ತೊಳೆದು ಗಲ್ಲಾದ ಮೇಲೆ ಕುಳಿತವರ ಫೋಟೋ ನಮ್ಮ ದೀಪಾವಳಿ ವಿಶೇಷಾಂಕದಲ್ಲಿ ಬರುತ್ತದೆ. ನಾವೇ ಹಾಕುತ್ತೇವೆ, ಜಾಹೀರಾತೂ ಸಿಗುತ್ತದೆ, ಮುಚ್ಚಿಡುವುದೇನು? ಆದರೆ ಅದೇ ಹೋಟೆಲುಗಳಲ್ಲಿ ಬಾಗಿಲು ಹಾಕಿದ ಮೇಲೆ ಟೇಬಲ್ ಜೋಡಿಸಿ ಮಲಗಿ, ಐವತ್ತರ ವಯಸ್ಸಿಗೆ ಮೊಣಕಾಲು ಹಿಡಿದುಕೊಂಡು ಊರಿನ ಬಸ್ ಹತ್ತಿದವರ ಫೋಟೋ ನಾವು ಒಂದು ಸಲವೂ ಹಾಕಿಲ್ಲ. ನಿಮ್ಮ ಇಪ್ಪತ್ತಾರು ವರ್ಷಗಳಲ್ಲಿ ನಿಮ್ಮೊಡನೆ ಕೆಲಸ ಮಾಡಿದವರಲ್ಲಿ ಎಷ್ಟು ಜನ ಸ್ವಂತ ಹೋಟೆಲ್ ಮಾಡಿದರು, ಬೆರಳು ಮಡಿಸಿ ಎಣಿಸಿ ನೋಡಿ. ಒಂದು ಕೈ ಸಾಕಾದೀತು.

ಕೈಕೆಲಸದ ಸಂಬಳದ ಬಗ್ಗೆ ಇನ್ನೊಂದು ನೆನಪು. ರಾತ್ರಿ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನೊಬ್ಬ ಇಲ್ಲಿನ ಲಾಲ್‌ಬಾಗಿನ ಬಟ್ಟೆ ಗಿರಣಿ ಸೇರಿದ. ಒಂಬತ್ತನೆಯ ತರಗತಿಗೇ ಓದು ಬಿಟ್ಟ, ಬಿಟ್ಟಿದ್ದೇ ಸರಿ ಎಂದು ನಾವೆಲ್ಲ ಅಂದುಕೊಂಡೆವು. ನಮಗಿಂತ ಎಷ್ಟೋ ಹೆಚ್ಚು ಸಂಬಳ ಎಣಿಸುತ್ತಿದ್ದ. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು, ಎಷ್ಟೋ ಜನರಿಗೆ ಮತ್ತೆ ಒಳಹೋಗಲು ಗಿರಣಿಯೇ ಉಳಿಯಲಿಲ್ಲ. ಅವನಿಗೆ ಮಗ್ಗ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಕೊನೆಗೆ ಪರೇಲ್ ನಿಲ್ದಾಣದ ಹೊರಗೆ ವಡಾಪಾವ್ ಗಾಡಿ ಇಟ್ಟ. ದೋಸೆ ಹುಯ್ಯುವವನಿಗೂ ಹಾಗೇ ಆಗುತ್ತದೆ ಎಂದಲ್ಲ. ಇವತ್ತಿನ ಸಂಬಳ ಒಂದನ್ನೇ ಎದುರು ಬದುರು ಇಟ್ಟು ತೂಗಬೇಡಿ ಎನ್ನುತ್ತಿದ್ದೇನೆ. ದೋಸೆಯವನ ಸಂಬಳ ಹತ್ತು ವರ್ಷದ ಮೇಲೂ ಸುಮಾರು ಅಲ್ಲೇ ಇರುತ್ತದೆ. ನಿಮ್ಮ ಮಗಳದು ಹಾಗೇ ಇರಬೇಕಾಗಿಲ್ಲ.

ಇನ್ನು ನಮ್ಮ ಪತ್ರಿಕೆಯಲ್ಲಿ ಬಂದ ಆ ಅಂಕಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ದೆಹಲಿಯ ಒಂದು ಸಂಶೋಧನಾ ಸಂಸ್ಥೆಯೂ ಸೇರಿ 2024ರಲ್ಲಿ ಹೊರತಂದ ವರದಿಯದು: ಪದವಿ ಪಡೆದ ಯುವಜನರಲ್ಲಿ 2022ರಲ್ಲಿ ಶೇ 29.1ರಷ್ಟು ನಿರುದ್ಯೋಗಿಗಳು, ಓದು ಬರಹ ಬಾರದ ಯುವಜನರಲ್ಲಿ ಶೇ 3.4 ಮಾತ್ರ. ಅಂಕಿ ನಿಜ. ಆದರೆ ಅದನ್ನು ಓದಿ ನೀವು ಎಳೆದ ಅರ್ಥ ಸರಿಯಲ್ಲ. ಎರಡು ಸಾಲಿನಲ್ಲಿ ಅಚ್ಚು ಹಾಕಿ ಕೈತೊಳೆದುಕೊಂಡ ತಪ್ಪು ನಮ್ಮದೂ ಹೌದು. ನಿರುದ್ಯೋಗಿಯಾಗಿರಲೂ ಮನೆಯಲ್ಲಿ ಅಕ್ಕಿ ಇರಬೇಕು. ಅಕ್ಷರ ಬಾರದವನು ಇವತ್ತು ಗಾರೆ ಹೊರದಿದ್ದರೆ ರಾತ್ರಿ ಊಟವಿಲ್ಲ, ಆದ್ದರಿಂದ ಅವನು ಯಾವ ಕೂಲಿಗಾದರೂ ಹೋಗುತ್ತಾನೆ, ಲೆಕ್ಕದಲ್ಲಿ ಉದ್ಯೋಗಿ ಎನಿಸುತ್ತಾನೆ. ಪದವೀಧರ ತನ್ನ ಓದಿಗೆ ತಕ್ಕದ್ದು ಸಿಗಲಿ ಎಂದು ಕಾಯುತ್ತಾನೆ. ಹಾಗೆ ಕಾಯುವಷ್ಟು ಕಾಲ ಅವನ ಹಿಂದೆ ಯಾರೋ ದುಡಿಯುತ್ತಿರುತ್ತಾರೆ. ನನ್ನ ಹಿಂದೆ ಇದ್ದವನು ಅಣ್ಣ.

ನಿಮ್ಮ ಮಗನ ಹಿಂದೆ ಇರುವವರು ಯಾರು? ನಾಲ್ಕನೆಯ ಚೀಟಿಯಲ್ಲಿ ನೀವೇ ಬರೆದಿದ್ದೀರಿ, ಮೂರೇ ಪದ: “ಮಗಳೂ ಸಹಿ ಹಾಕುತ್ತಾಳೆ.”

ಅಲ್ಲಿಗೆ ಬಂದಾಗ ನಾನು ಪತ್ರ ಕೆಳಗಿಟ್ಟೆ. 8 ಲಕ್ಷ ಸಾಲ, ಶೇ 11ರ ಬಡ್ಡಿ, ಹತ್ತು ವರ್ಷ ಎಂದುಕೊಳ್ಳಿ. ಓದುವ ಕಾಲದ ಬಡ್ಡಿಯನ್ನು ಬಿಟ್ಟರೂ ತಿಂಗಳ ಕಂತು 11,000 ರೂಪಾಯಿ ಆಗುತ್ತದೆ. ನಿವೃತ್ತ ಗುಮಾಸ್ತ ನಾನು, ಈ ಲೆಕ್ಕ ತಪ್ಪುವುದಿಲ್ಲ. ಮಗನಿಗೆ ಕೆಲಸ ತಡವಾದರೆ ಬ್ಯಾಂಕು ಹುಡುಕಿಕೊಂಡು ಬರುವುದು ಸಹಿ ಹಾಕಿದವಳ ಬಳಿಗೆ. 16,000ದಲ್ಲಿ 11,000 ಹೋದರೆ ಉಳಿಯುವುದು ಐದು. ಅವಳ ಎಂ.ಕಾಂ. ಆಗಲೇ ಹೋಗಿದೆ. ಮೂರು ವರ್ಷ ಓದಿಸಿ ಒಬ್ಬಳನ್ನು ಒಂದು ಮೆಟ್ಟಿಲು ಹತ್ತಿಸಿದಿರಿ, ಈಗ ಆ ಮೆಟ್ಟಿಲನ್ನೇ ಒತ್ತೆ ಇಡುತ್ತಿದ್ದೀರಿ. ಪದವಿ ಏನೂ ಮಾಡಲಿಲ್ಲ ಎಂದು ದೂರುವ ಪತ್ರದಲ್ಲೇ ಅವಳ ಪದವಿಯ ಸಂಬಳದ ಚೀಟಿಯನ್ನು ನಂಬಿ ಬ್ಯಾಂಕು ಸಾಲ ಕೊಡಲು ಸಿದ್ಧವಾಗಿದೆ ಎಂಬುದು ನಿಮ್ಮ ಗಮನಕ್ಕೆ ಬಂದಂತಿಲ್ಲ. ಆರನೆಯ ಚೀಟಿಯ ಕೊನೆಗೆ ಇನ್ನೊಂದು ಮಾತಿದೆ: ಏಜೆಂಟ್ ಕೊಟ್ಟ ಇಂಗ್ಲಿಷ್ ಕಾಗದ ಓದಿ, ಮುಂಗಡ 50,000 ಯಾವ ಕಾರಣಕ್ಕೂ ಹಿಂದಿರುಗಿಸುವುದಿಲ್ಲ ಎಂಬ ಸಾಲನ್ನು ತೋರಿಸಿ, ಕೊಡಬೇಡಿ ಅಪ್ಪಾ ಎಂದು ನಿಮ್ಮನ್ನು ತಡೆದವಳೂ ಅವಳೇ. ಅವಳ ಸಂಬಳ ಎಣಿಸುವಾಗ ಆ ಐವತ್ತು ಸಾವಿರವನ್ನೂ ಸೇರಿಸಿಕೊಳ್ಳಿ.

ಈಗ ಕೆಲಸದ ಮಾತು. ಮೊದಲು ಏಜೆಂಟನಿಗೆ ನಮಸ್ಕಾರ ಹೇಳಿ ಕಳಿಸಿ. ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಸರಕಾರದ ಶುಲ್ಕ ರಿಯಾಯಿತಿ ಇಲ್ಲ. ರಾಜ್ಯದ ಕೇಂದ್ರೀಕೃತ ಪ್ರವೇಶ ಸುತ್ತಿನಲ್ಲಿ, ನಮ್ಮ ಹುಡುಗರು ಕ್ಯಾಪ್ ರೌಂಡ್ ಎನ್ನುತ್ತಾರಲ್ಲ, ಅದರಲ್ಲಿ ಸಿಕ್ಕ ಸೀಟಿಗೆ ಇದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ರಾಜರ್ಷಿ ಶಾಹು ಮಹಾರಾಜರ ಹೆಸರಿನ ಯೋಜನೆಯಲ್ಲಿ ಬೋಧನಾ ಶುಲ್ಕದ ಅರ್ಧ ಸರಕಾರವೇ ಕಟ್ಟುತ್ತದೆ. ಅದಕ್ಕೆ ಜಾತಿ ಪ್ರಮಾಣಪತ್ರ ಬೇಡ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನಮ್ಮವರು ಸೋಲುವುದು ಇಲ್ಲೇ. ಊರಿನಲ್ಲಿ ಹಿಂದುಳಿದ ವರ್ಗವಾಗಿದ್ದರೂ ಮಹಾರಾಷ್ಟ್ರದಲ್ಲಿ ಒಬಿಸಿ ಪ್ರಮಾಣಪತ್ರ ಬೇಕಾದರೆ 1967ರ ಅಕ್ಟೋಬರ್ 13ಕ್ಕೆ ಮೊದಲೇ ಮನೆಯ ಹಿರಿಯರು ಇಲ್ಲಿ ನೆಲೆಸಿದ್ದ ದಾಖಲೆ ಕೇಳುತ್ತಾರೆ, ಪರಿಶಿಷ್ಟ ಜಾತಿಯವರಿಗೆ 1950ರ ಆಗಸ್ಟ್ 10. ಹೋಟೆಲಿನ ಟೇಬಲ್ ಮೇಲೆ ಮಲಗಿದ ನಮ್ಮ ಅಪ್ಪಂದಿರ ಹೆಸರಿನಲ್ಲಿ ಬಾಡಿಗೆ ಚೀಟಿ ಎಲ್ಲಿಂದ ಬರಬೇಕು? ಅದು ಸಿಗದೆ ಎಷ್ಟೋ ಜನ ಯಾವ ಯೋಜನೆಯೂ ನಮಗಿಲ್ಲ ಎಂದು ಕೈಚೆಲ್ಲಿ ನೇರ ಏಜೆಂಟನ ಬಳಿ ಹೋಗುತ್ತಾರೆ. ನಿಮಗೆ ಬೇಕಾದದ್ದು ಮಗನ ವಾಸ್ತವ್ಯ ಪ್ರಮಾಣಪತ್ರ, ನಿಮ್ಮ ಆದಾಯ ಪ್ರಮಾಣಪತ್ರ. ಎರಡಕ್ಕೂ ಕಲ್ಯಾಣದ ತಹಸೀಲ್ದಾರ್ ಕಚೇರಿ.

ಒಳ್ಳೆಯ ಕಾಲೇಜು ಸಿಗದಷ್ಟು ಅಂಕ ಎಂದಾದರೆ ಪಾಲಿಟೆಕ್ನಿಕ್ ನೋಡಿ. ಹನ್ನೆರಡನೆಯ ತರಗತಿ ವಿಜ್ಞಾನ ಪಾಸಾದವನಿಗೆ ನೇರ ಎರಡನೆಯ ವರ್ಷದ ಡಿಪ್ಲೊಮಾ ಸಿಗುತ್ತದೆ, ಅದು ಮುಗಿದ ಮೇಲೆ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರ ಪ್ರವೇಶವಿದೆ. ನಡುವೆ ನಿಲ್ಲಿಸಬೇಕಾಗಿ ಬಂದರೂ ಕೈಯಲ್ಲಿ ಡಿಪ್ಲೊಮಾ ಇರುತ್ತದೆ. ಸಾಲ ಮಾಡಿ ಎಂಜಿನಿಯರಿಂಗಿನ ಎರಡನೆಯ ವರ್ಷದಲ್ಲಿ ಬಿಟ್ಟವನ ಕೈಯಲ್ಲಿ ಸಾಲ ಮಾತ್ರ ಇರುತ್ತದೆ. ನನ್ನ ಕೌಂಟರಿನ ಮುಂದೆ ಅಳುಮುಖ ಹೊತ್ತು ನಿಂತ ಅಪ್ಪಂದಿರಲ್ಲಿ ಹೆಚ್ಚಿನವರು ಓದದವರ ಅಪ್ಪಂದಿರಲ್ಲ, ಅರ್ಧ ಓದಿದವರ ಅಪ್ಪಂದಿರು.

ಸಾಲ ಬೇಕೇ ಬೇಕೆಂದರೆ 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಿದೆ. ಅಡಮಾನ, ಜಾಮೀನು ಬೇಡ. 8 ಲಕ್ಷದೊಳಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಓದುವ ಕಾಲದಲ್ಲಿ ಶೇ 3ರ ಬಡ್ಡಿ ರಿಯಾಯಿತಿ. ಆದರೆ ಅದು ಸರಕಾರ ಆಯ್ದ ಸಂಸ್ಥೆಗಳಿಗೆ ಮಾತ್ರ; ಶುರುವಿನಲ್ಲಿ ಪಟ್ಟಿಯಲ್ಲಿದ್ದದ್ದು 860. ಏಜೆಂಟ್ ಹೇಳಿದ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಮಗಳಿಗೆ ನೋಡಲು ಹೇಳಿ. ಇಲ್ಲದಿದ್ದರೆ, ಸರಕಾರವೇ ಭರವಸೆ ಇಡದ ಕಡೆ ನೀವು ಯಾಕೆ ಇಡುತ್ತೀರಿ?

ಮಗಳ ಎಂ.ಕಾಂ. ಬಗ್ಗೆ ನಿಮ್ಮೊಡನೆ ಜಗಳವೇ ಇದೆ. ಮುಂಬಯಿ ವಿಶ್ವವಿದ್ಯಾಲಯದ ದೂರಶಿಕ್ಷಣ ಕೇಂದ್ರದಲ್ಲಿ ಕೆಲಸ ಬಿಡದೆ ಎಂ.ಕಾಂ. ಮಾಡಬಹುದು, ಕಾಲೀನಾದಲ್ಲಿದೆ, ಅಂಧೇರಿಯಿಂದ ದೂರವಿಲ್ಲ. ಮಗನ ಮೇಲೆ ಎಂಟು ಲಕ್ಷ ಹೂಡುವಾಗ ನಡುಗದ ಕೈ ಇದಕ್ಕೇಕೆ ಹಿಂದೆಗೆಯುತ್ತದೆ?

ಪದವಿಗೆ ಆಗದ್ದೂ ಇದೆ. ಪರೇಲಿನ ಚಾಳಿನಲ್ಲಿ ಬೆಳೆದು, ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿಬಂದ ಅಂಬೇಡ್ಕರರಿಗೆ 1917ರಲ್ಲಿ ಬರೋಡಾದಲ್ಲಿ ತಂಗಲು ಒಂದು ಕೋಣೆ ದಕ್ಕಲಿಲ್ಲ. ಪಾರ್ಸಿ ವಸತಿಗೃಹದಿಂದ ಹೊರಹಾಕಿದರು. ಪದವಿಯ ಮಿತಿಯನ್ನು ಅವರಷ್ಟು ಉಂಡವರು ಯಾರು? ಅವರೇ 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು, ದುಡಿಯುವ ಹುಡುಗರು ಕೆಲಸಕ್ಕೆ ಹೋಗುವ ಮುಂಚೆ ಬರಲಿ ಎಂದು ಬೆಳಗಿನ ತರಗತಿ ಇಟ್ಟರು.

ನನ್ನ ಅಣ್ಣ ಈಗ ಊರಿನಲ್ಲಿದ್ದಾನೆ. ಅವನ ಮಗನ ಶುಲ್ಕವನ್ನು ನಾನು ಕಟ್ಟಿದೆ, ಆ ಹುಡುಗ ಇವತ್ತು ಪುಣೆಯಲ್ಲಿ ಚೆನ್ನಾಗಿದ್ದಾನೆ. ಲೆಕ್ಕ ತೀರಿತಲ್ಲ ಎಂದು ಒಮ್ಮೆ ಅಣ್ಣನ ಮುಂದೆ ಬಾಯಿತಪ್ಪಿ ಅಂದೆ. ಅವನು ಉತ್ತರಿಸಲಿಲ್ಲ; ಬೆನ್ನು ನೋವಿನ ಎಣ್ಣೆಯ ಬಾಟಲಿ ಎತ್ತಿ ನನ್ನ ಕೈಗೆ ಕೊಟ್ಟು, ತಿರುಗಿ ಕುಳಿತ.

ಭಾನುವಾರ ಬೆಳಿಗ್ಗೆ ನಾನು ಕಚೇರಿಯಲ್ಲಿರುತ್ತೇನೆ. ಮಗನ ಅಂಕಪಟ್ಟಿ, ನಿಮ್ಮ ಪಡಿತರ ಚೀಟಿ, ಏಜೆಂಟನ ಆ ಇಂಗ್ಲಿಷ್ ಕಾಗದ ಹಿಡಿದುಕೊಂಡು ಬನ್ನಿ. ಮಗಳನ್ನು ಕರೆದುಕೊಂಡು ಬನ್ನಿ, ಸಾಲದ ಅರ್ಜಿಗೆ ಅವಳ ಸಹಿ ಅಲ್ಲಿಯವರೆಗೆ ಬೇಡ. ನಿಮ್ಮ ಚೀಟಿಗಳನ್ನೂ ಆಗಲೇ ಹಿಂದಿರುಗಿಸುತ್ತೇನೆ. ಐದನೆಯದರ ಮುಂಬದಿಯಲ್ಲಿ ಎರಡು ಮಸಾಲೆ ದೋಸೆ, ಒಂದು ಕಾಫಿ ಎಂದು ಬರೆದಿದೆ. ಆ ದುಡ್ಡು ವಸೂಲಾಗಿದೆಯೋ ಇಲ್ಲವೋ ನೋಡಿಕೊಳ್ಳಿ.

ಸಂಪಾದಕ