ಊಟಿ ಪೈನ್ ಕಾಡನ್ನು ಒಂದೇ ಸಲ ಕಡಿಯುವುದು ಬೇಡ

ತಲೈಕುಂದಾ ಹತ್ತಿರದ ಪೈನ್ ಕಾಡು ಸರ್ಕಾರದ್ದೇ ಅಲ್ವಾ, ಪೂರ್ತಿ ಕಡಿದು ಮೊದಲಿನ ಹುಲ್ಲುಗಾವಲು ಮಾಡಬಾರದಾ ಅಂತ ಕೇಳಿದ್ದೀರಿ. ನಾನು ಊಟಿಯವನೇ. ಒಂದೇ ಸಲ ಬೇಡ ಅನ್ನುತ್ತೇನೆ.

ಈ ಮರ ಮೆಕ್ಸಿಕೋದ್ದು, ಪೈನಸ್ ಪಟುಲಾ. ಮುಂದಿನ ಸಲ ಬಂದಾಗ ಬುಡದಲ್ಲಿ ಕೂತು ಕೈ ಹಾಕಿ ನೋಡಿ. ಮೇಲೆ ಕಂದು ಬಣ್ಣದ ಒಣ ಸೂಜಿ ಎಲೆ, ಕೆಳಗೆ ಅರೆಬರೆ ಕೊಳೆತ ಇನ್ನೊಂದು ಪದರ. ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೆ ಸಾಕು. ಎಷ್ಟೋ ಕಾಯಿಗಳು ವರ್ಷಗಟ್ಟಲೆ ಮುಚ್ಚಿಕೊಂಡೇ ಇರುತ್ತವೆ, ಬೆಂಕಿಯ ಶಾಖ ತಗುಲಿದರೆ ಬಾಯಿ ಬಿಟ್ಟು ಬೀಜ ಉದುರಿಸುತ್ತವೆ. ಅಂದ್ರೆ ಬೆಂಕಿ ಬಿದ್ದರೆ ಪೈನ್ ಇನ್ನೂ ಜಾಸ್ತಿ ಆಗಬಹುದು.

ಬೋಳು ಮಾಡಿದರೆ ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ಪಕ್ಕದಲ್ಲಿ ವ್ಯಾಟಲ್ (ಆಸ್ಟ್ರೇಲಿಯಾದಿಂದ ತಂದ ಅಕೇಶಿಯಾ ಮರ) ಇದ್ದರಂತೂ ಕಷ್ಟವೇ. ಅದರ ಬೀಜ ಮಣ್ಣಲ್ಲಿ ದಶಕಗಟ್ಟಲೆ ಜೀವ ಹಿಡಿದಿರುತ್ತದೆ, ಜಾಗ ಬೋಳಾದರೆ ಮೊಳೆತು ಬಿಡುತ್ತದೆ.

ಅದಕ್ಕೇ ನಡುನಡುವೆ ಕೆಲವು ಮರ ಮಾತ್ರ ತೆಗೆಯುತ್ತಾ ಹೋಗಬೇಕು. ಶೋಲಾ, ಅಂದ್ರೆ ಇಲ್ಲಿನದೇ ನಿತ್ಯಹಸಿರು ಕಾಡು, ಪಕ್ಕದಲ್ಲೇ ಉಳಿದಿದ್ದರೆ ಪೈನ್ ನೆರಳಲ್ಲೇ ಶೋಲಾ ಸಸಿಗಳು ಏಳುತ್ತವೆ, ಅವಕ್ಕೆ ಪೆಟ್ಟಾಗಬಾರದು. ಹುಲ್ಲಿಗೆ ಮಾತ್ರ ಬಿಸಿಲೇ ಬೇಕು. ಕಡಿದ ಜಾಗದಲ್ಲಿ ಇಲ್ಲಿನದೇ ಹುಲ್ಲಿನ ಬುಡ ನೆಟ್ಟು, ವರ್ಷವರ್ಷವೂ ಪೈನ್, ವ್ಯಾಟಲ್ ಸಸಿ ಕೀಳುತ್ತಲೇ ಇರಬೇಕು. ಆ ಕೆಲಸಕ್ಕೆ ಮುಂದಿನ ಹತ್ತಾರು ವರ್ಷಕ್ಕೆ ಆಳು, ದುಡ್ಡು ಎತ್ತಿಟ್ಟ ಮೇಲೆಯೇ ಮೊದಲ ಮರಕ್ಕೆ ಕೊಡಲಿ ಹಾಕಲಿ.